ಯೂಸ್ಟೇಸರನ್ನು ನಗಿಸಲು ಈಜಿಪ್ಟಿಗೆ

ನನ್ನ ಗಂಡ ಯೂಸ್ಟೇಸರನ್ನು ನಗಿಸದಿದ್ದರೆ ನನ್ನ ಹೆಸರು ಮಟಿಲ್ಡಾ ಅಲ್ಲ! ಗಲ್ಫಿನ ಅಲ್ ವಕ್ರಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸೌಟು ಎತ್ತಿ ಹೀಗೆಂದು ಶಪಥ ಮಾಡಿದೆ. ಉಡುಪಿಯಲ್ಲಿ ಅತ್ತೆ ತೀರಿಕೊಂಡ ಮೇಲೆ ಅವರು ನಕ್ಕಿರಲಿಲ್ಲ. ಅತ್ತೂ ಇರಲಿಲ್ಲ. ಆಫೀಸಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಬಡಿಸಿದ್ದನ್ನು ಉಣ್ಣುತ್ತಿದ್ದರು, ಅಷ್ಟೇ.

ಈದ್ ರಜೆಗೆ ಈಜಿಪ್ಟ್ ಟಿಕೆಟ್ ತೆಗೆಸಿದೆ. ಜಾಹೀರಾತಿನಲ್ಲಿ ನೈಲ್ ನದಿ, ಬಿಳಿ ಹಾಯಿಯ ದೋಣಿ, ಹಲ್ಲು ಬಿಡುವ ದಂಪತಿ. ಇನ್ನೇನು ಬೇಕು? ಸಣ್ಣಕ್ಷರಗಳನ್ನು ಓದುವ ಜಾತಿಯವಳಲ್ಲ ನಾನು!

ದೋಣಿ ನಮ್ಮನ್ನು ಲಕ್ಸರ್‌ನ ಆಚೆ ದಡಕ್ಕೆ ಇಳಿಸಿತು ನೋಡಿ, ಎತ್ತ ತಿರುಗಿದರೂ ಗೋರಿಗಳು! ಸಾವು ಮರೆಸಲೆಂದು ಗಂಡನನ್ನು ಫರೋಗಳ ಸ್ಮಶಾನಕ್ಕೇ ಕರೆತಂದ ಮಹಾಪತಿವ್ರತೆ ನಾನು!

ಗೈಡ್ ಮಹಮೂದ್ ಹುರುಪಿನಿಂದ ಕೇಳಿದ, "ಮಮ್ಮಿ ನೋಡ್ತೀರಾ, ಸರ್?"

ಯೂಸ್ಟೇಸ್ ತಾಯಿಯನ್ನು ಕರೆಯುತ್ತಿದ್ದುದೇ ಮಮ್ಮಿ ಎಂದು. ಅವರ ಮುಖ ಬಿಳುಚಿಕೊಂಡಿತು. ಮಮ್ಮಿ ಗಿಮ್ಮಿ ಇಲ್ಲ ಎನ್ನಲು ನಾನು ಗಾಬರಿಯಿಂದ ಹರುಕು ಅರಬ್ಬಿಯಲ್ಲಿ, "ಮಾಫಿ ಮಮ್ಮಿ! ಮಮ್ಮಿ ಖಲಾಸ್!" ಎಂದು ಕಿರುಚಿ ನಾಲಿಗೆ ಕಚ್ಚಿಕೊಂಡೆ.

ಆದ ಎಡವಟ್ಟನ್ನು ಸರಿಪಡಿಸಬೇಕಲ್ಲ? ಗೋರಿಯೊಳಗಿನ ಮರದ ಇಳಿಜಾರಿನಲ್ಲಿ ಜಾರಿದಂತೆ ನಟಿಸಿದರೆ ಖಂಡಿತ ನಗುತ್ತಾರೆ ಎನ್ನಿಸಿತು. "ಅಯ್ಯೋ, ಜಾರಿದೆ!" ಎಂದು ಸೊಂಟ ಬಳುಕಿಸಿದೆ. ಅದು ನಟನೆ ಎಂದು ಚಪ್ಪಲಿಗೆ ಯಾರು ಹೇಳಬೇಕು? ನಿಜವಾಗಿಯೇ ಜಾರಿ, ದಡದಡನೆ ಉರುಳಿ, ಫರೋನ ಕಲ್ಲಿನ ಪೆಟ್ಟಿಗೆಯ ಮುಂದೆ ಸಾಷ್ಟಾಂಗ ಬಿದ್ದೆ. ಪ್ರವಾಸಿಗರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಯೂಸ್ಟೇಸ್ ನಗಲಿಲ್ಲ. ಓಡಿ ಬಂದು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ತಲೆಗೆ ಪೆಟ್ಟಾಯ್ತಾ? ಮಾತಾಡು ಮಟಿಲ್ಡಾ, ಮಾತಾಡು!"

"ಎಂತದೂ ಆಗ್ಲಿಲ್ಲ ಮಾರಾಯ್ರೇ. ನಿಮ್ಮನ್ನು ನಗಿಸ್ಲಿಕ್ಕೆ ಅಂತ..."

"ಮಮ್ಮಿ ಹೀಗೇ ಬಿದ್ದದ್ದಲ್ವಾ, ಬಚ್ಚಲಲ್ಲಿ," ಎಂದರು. "ಎತ್ಲಿಕ್ಕೆ ನಾನಿರ್ಲಿಲ್ಲ."

ಬಚ್ಚಲು! ನಗಿಸುವ ಉತ್ಸಾಹದಲ್ಲಿ ಅದೊಂದು ನನ್ನ ತಲೆಗೇ ಬಂದಿರಲಿಲ್ಲ.

ಸಾವಿರಾರು ವರ್ಷಗಳಿಂದ ರಾಜನೊಬ್ಬ ನೆಮ್ಮದಿಯಾಗಿ ಮಲಗಿದ್ದ ಆ ಕೋಣೆಯಲ್ಲಿ ನನ್ನ ಗಂಡ ಬಿಕ್ಕಿ ಬಿಕ್ಕಿ ಅತ್ತರು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಮೇಲಕ್ಕೆ ಹತ್ತಿಹೋದರು. ಮಹಮೂದ್ ಬಾಗಿಲ ಬಳಿ ನಿಂತು ಹೊಸಬರನ್ನು ತಡೆದ.

ಮರಳುವ ದೋಣಿಯಲ್ಲಿ ನನ್ನ ಊದಿದ ಕಾಲು ಅವರ ತೊಡೆಯ ಮೇಲಿತ್ತು. ಅವರ ಕಣ್ಣುಗಳು ಇನ್ನೂ ಕೆಂಪಗಿದ್ದವು. ನನಗೆ ತಡೆಯಲಾಗಲಿಲ್ಲ.

"ಒಂದು ಜೋಕ್ ಹೇಳ್ಲಾ?"

"ಬೇಡ ಮಾರಾಯ್ತಿ. ನನ್ನೊಟ್ಟಿಗೆ ಸುಮ್ಮನೆ ಕೂತ್ಕೋ, ಸಾಕು."

ಸುಮ್ಮನೆ ಕೂರುವುದು! ಮದುವೆಯಾದಂದಿನಿಂದ ಇಷ್ಟು ಕಷ್ಟದ್ದನ್ನು ಅವರು ನನ್ನಲ್ಲಿ ಕೇಳಿದ್ದೇ ಇಲ್ಲ.

ಕೂತೆ.