ಎದುರಾಳಿಯಿಲ್ಲದ ಖೋ ಖೋ

"ಹೆಂಗದೆ ಮರಿಸ್ವಣ್ಣ! ಮುಟ್ಟಿ ನೋಡಿ!"

ಪಕ್ಕದ ಮನೆಯ ಅಶ್ವತ್ಥ ಎರಡು ಬೆಲ್ಟುಗಳನ್ನು ಮದುವೆ ಹಾರದಂತೆ ಎತ್ತಿ ಹಿಡಿದ. ತನ್ನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂತು ಮೂರು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ್ದ ಯಂತ್ರ! ಸೊಂಟಕ್ಕೆ ಪಟ್ಟಿ, ಅಲ್ಲಿಂದ ಹಿಮ್ಮಡಿಗೂ ಮಣಿಕಟ್ಟಿಗೂ ಉಕ್ಕಿನ ಸ್ಪ್ರಿಂಗು.

"ಖೋ ಖೋ ನಿಯಮ ಪೂರ್ತಿ ಇದಕ್ಕೆ ಬಾಯಿಪಾಠ. ಬೆನ್ನು ಮುಟ್ಟಿ 'ಖೋ' ಅಂದ್ರೆ ಕೂತೋರು ಎದ್ದು ಓಡ್ತಾರೆ, ಮುಟ್ಟಿದೋರು ಆ ಜಾಗದಲ್ಲಿ ಕೂರ್ತಾರೆ. ಕಂಬ ಮುಟ್ಟೋಗಂಟ ಹಿಂದಕ್ಕೆ ತಿರುಗಂಗಿಲ್ಲ. ತಪ್ಪಾಡ್ತೀನಿ ಅಂದ್ರೂ ಬಿಡಲ್ಲ! ಒಂದ್ಸಲ ಚಾರ್ಜ್ ಮಾಡಿದ್ರೆ ಎಂಟು ಗಂಟೆ!"

ಮರಿಸ್ವಾಮಿಯ ಕಣ್ಣು ತುಂಬಿತು. ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದಲ್ಲಿ ಆಡಿದವನು ಅವನು. ಮಗಳು ತೇಜು ಹುಟ್ಟಿದ ದಿನ ಮುಖಕ್ಕಿಂತ ಮೊದಲು ಪಾದ ನೋಡಿದ್ದ. ಆ ಪಾದಗಳೋ, ಹನ್ನೆರಡು ವರ್ಷವಾದರೂ ಆಟಕ್ಕೆಂದು ಕೂತಲ್ಲಿಂದ ಏಳಲು ಒಪ್ಪಿರಲಿಲ್ಲ. ನಾಡಿದ್ದು ಸೋಮವಾರ ಮಕ್ಕಳೆಲ್ಲ ಪಿ.ಟಿ. ಮೇಷ್ಟ್ರಿಗೆ ತಮ್ಮ ತಮ್ಮ ಆಟದ ಹೆಸರು ಕೊಡಬೇಕು. ತೇಜು ಆಗಲೇ ಚೀಟಿಯಲ್ಲಿ ಚೆಸ್ ಎಂದು ಬರೆದಿಟ್ಟಿದ್ದಳು.

"ಒಂದೇ ಒಂದು ಆಟ ನನ್ ಜೊತೆ ಆಡವ್ವ. ಆಮೇಲೂ ಬ್ಯಾಡ ಅಂದ್ರೆ ಜನ್ಮದಲ್ಲಿ ಖೋ ಖೋ ಸುದ್ದಿ ಎತ್ತಲ್ಲ," ಎಂದು ಮನೆಗೆ ಬಂದು ಮಗಳನ್ನು ಗೋಗರೆದ.

"ಆಣೆ?"

"ನಿನ್ನಾಣೆ!"

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಮೈದಾನದಲ್ಲಿ ಅಶ್ವತ್ಥ ಕಂಬಕ್ಕೆಂದು ಎರಡು ಬಿದಿರು ಗಳ ನೆಟ್ಟು, ಅಪ್ಪ ಮಗಳಿಬ್ಬರಿಗೂ ಬೆಲ್ಟು ಬಿಗಿದು ಬೀಗ ಹಾಕಿದ. ಮರಿಸ್ವಾಮಿ ಕುಕ್ಕರಗಾಲಲ್ಲಿ ಕೂತ. ತೇಜು ಬೇಸರದಲ್ಲೇ ಬಂದು ಬೆನ್ನು ಮುಟ್ಟಿ "ಖೋ" ಎಂದಳು. ಅಬ್ಬಾ! ಮಗಳ ಬಾಯಿಂದ ಮೊದಲ ಖೋ! ಮರಿಸ್ವಾಮಿ ಬಾಣದಂತೆ ಹಾರಿದ, ಕಂಬ ಮುಟ್ಟಿದ, ತಿರುಗಿ ಬಂದು ಮಗಳಿಗೆ ಖೋ ಕೊಟ್ಟ. ಹತ್ತು ಸುತ್ತು ಹೀಗೇ ನಡೆಯಿತು. ಅವನ ಜೀವನದಲ್ಲಿ ಅಷ್ಟು ಒಳ್ಳೆಯ ಹತ್ತು ನಿಮಿಷ ಇನ್ನೊಂದಿರಲಿಲ್ಲ.

"ಅಪ್ಪ, ಸಾಕು," ಎಂದಳು ತೇಜು.

"ಅಶ್ವತ್ಥ, ನಿಲ್ಸಪ್ಪ."

"ನಿಲ್ಸೋದೇನ್ ಬಂತು ಅಣ್ಣ? ಎದುರಾಳಿಗಳೆಲ್ಲ ಔಟಾದ್ರೆ ಅದೇ ನಿಲ್ತದೆ, ಬೆಲ್ಟಿನ ಬೀಗಾನೂ ಬಿಚ್ಕತದೆ."

"ಎದುರಾಳಿಗಳು ಎಲ್ಲವ್ರಯ್ಯ?"

ಅಶ್ವತ್ಥ ತಲೆ ಕೆರೆದುಕೊಂಡ. "ನೀವೇ ಹೇಳಿದ್ರಲ್ಲಣ್ಣ! 'ನಾನು, ನನ್ ಮಗಳು ಇಬ್ಬರೇ, ಮಧ್ಯೆ ಇನ್ಯಾರೂ ಬ್ಯಾಡ' ಅಂತ!"

ಮರಿಸ್ವಾಮಿಗೆ ನೆನಪಾಯಿತು. ಹೇಳಿದ್ದು ತಾನೇ! ಬೆಲ್ಟನ್ನು ಎಳೆದ, ಜಗ್ಗಿದ, ಬೈದ. ಅದು ಜಪ್ಪಯ್ಯ ಅನ್ನಲಿಲ್ಲ. ತೇಜುವಿನ ಸ್ಪ್ರಿಂಗು ಅವಳನ್ನು ದರದರ ಎಳೆತಂದು ಖೋ ಕೊಡಿಸಿತು, ಅವನು ಮತ್ತೆ ಓಡಿದ.

ಆದರೆ ಮುಂದೆ ಕಂಬವೇ ಇಲ್ಲ! ಅಶ್ವತ್ಥನ ಹೆಂಡತಿ ಜಯಕ್ಕ ಗಳ ಕಿತ್ತು ಹೆಗಲಿಗೇರಿಸಿ ಹೊರಟಿದ್ದಳು. "ನಮ್ಮನೆ ಬಟ್ಟೆ ಒಣಗಾಕೋ ಗಳ! ಕೇಳಿದ್ರಾ ನನ್ನ?"

ಕಂಬ ಮುಟ್ಟದೆ ತಿರುಗುವಂತಿಲ್ಲವಲ್ಲ! ಮರಿಸ್ವಾಮಿ ನೇರವಾಗಿ ಗೇಟು ದಾಟಿದ, ಬಸ್ ಸ್ಟಾಪ್ ದಾಟಿದ, ಯಾರದೋ ಅಂಗಳದ ಹಪ್ಪಳ ತುಳಿದ, "ಇದೇನ್ಲಾ ಮರಿಸ್ವಾಮಿ?" ಅಂದವರಿಗೆಲ್ಲ ಕೈ ಮುಗಿದ. ಒಂದೂವರೆ ಕಿಲೋಮೀಟರ್ ಆಚೆ ಹಾಲಿನ ಡೈರಿಯ ಧ್ವಜಸ್ತಂಭ ಸಿಕ್ಕಿತು. ತಬ್ಬಿಕೊಂಡು ಅತ್ತೇಬಿಟ್ಟ. ಅಳು ಮುಗಿಯುವ ಮೊದಲೇ ಸ್ಪ್ರಿಂಗು ವಾಪಸ್ ಎಳೆಯಿತು.

ಮೈದಾನದಲ್ಲಿ ತೇಜು ಬಿಸಿಲಲ್ಲಿ ಕುಕ್ಕರಗಾಲಲ್ಲೇ ಇದ್ದಳು. ಮೀನಖಂಡ ಗಡಗಡ ನಡುಗುತ್ತಿತ್ತು.

"ಅಪ್ಪಾ! ಬೇಗ ಬಂದು ಖೋ ಕೊಡಪ್ಪಾ!"

ಹನ್ನೆರಡು ವರ್ಷ ಈ ಒಂದು ಮಾತಿಗಾಗಿ ಅವನು ಕಾದಿದ್ದ. ಹೀಗಾ ಕೇಳಿಸಿಕೊಳ್ಳಬೇಕಿತ್ತು! ಕೊಟ್ಟರೆ ಮಗು ಡೈರಿಯವರೆಗೆ ಓಡಬೇಕು, ಕೊಡದಿದ್ದರೆ ಕೂತಲ್ಲೇ ಸೊರಗಬೇಕು. ಯಂತ್ರ ಅವನನ್ನೇನೂ ಕೇಳಲಿಲ್ಲ, ಕೈ ತಾನಾಗಿ ಅವಳ ಬೆನ್ನು ಮುಟ್ಟಿತು. ಅಷ್ಟರಲ್ಲಿ ಅಶ್ವತ್ಥ ಒದ್ದೆ ಸೀರೆಯ ಸಮೇತ ಗಳ ಕಿತ್ತುಕೊಂಡು ಬಂದು ನೆಟ್ಟ, ದೇವರು ದೊಡ್ಡವನು. ಸಂಜೆ ನಾಲ್ಕರವರೆಗೆ ಅಪ್ಪ ಮಗಳು ಓಡಿದರು, ಕೂತರು, ಓಡಿದರು. ಜಯಕ್ಕ ಬೈಯುತ್ತಲೇ ಇಬ್ಬರ ಬಾಯಿಗೂ ಮಜ್ಜಿಗೆ ಹುಯ್ದಳು. ಬ್ಯಾಟರಿ ಸತ್ತು ಬೀಗ ಕಳಚಿದಾಗ ಇಬ್ಬರೂ ಅಲ್ಲೇ ಮಣ್ಣಲ್ಲಿ ಬಿದ್ದುಕೊಂಡರು.

ಸೋಮವಾರ ತೇಜು ಕುಂಟುತ್ತಾ ಹೋಗಿ ಚೀಟಿ ಕೊಟ್ಟು ಬಂದಳು. ಚೆಸ್. ಮರಿಸ್ವಾಮಿ ಆಣೆ ಇಟ್ಟಿದ್ದನಲ್ಲ, ಖೋ ಖೋ ಸುದ್ದಿ ಎತ್ತುವಂತಿರಲಿಲ್ಲ. ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಮೆಲ್ಲಗೆ ಕೇಳಿದ, "ಚೆಸ್ಸೇ ಯಾಕವ್ವ?"

"ಅಲ್ಲಿ ಎದುರಿಗೆ ಒಬ್ರಾದ್ರೂ ಇರ್ತಾರಪ್ಪ," ಎಂದಳು ತೇಜು. "ಸೋತ್ರೂ ಆಟ ಮುಗೀತದೆ."