ಸಾರ್ವಜನಿಕ ಮಾವನ ಹಾರಾಟ

ನಮ್ಮ ವಿಮಾನ ಚಾಲನಾ ತರಬೇತಿ ಶಾಲೆಯಲ್ಲಿ ಯಾರಿಗೂ ಮಾನಸಿಕ ಒತ್ತಡ ಇಲ್ಲ. ಇದು ಹೆಗ್ಗಳಿಕೆಯ ಮಾತಲ್ಲ, ನಿಯಮ. ಗೇಟಿನ ಪಕ್ಕದ ಗೋಡೆಯ ಮೇಲೆ 'ಇಲ್ಲಿ ವಾಹನ ನಿಲ್ಲಿಸಬಾರದು' ಎಂದು ಬರೆದಿರುವುದರ ಕೆಳಗೆ, ಅದೇ ಬಣ್ಣದಲ್ಲಿ, 'ಇಲ್ಲಿ ಒತ್ತಡಕ್ಕೆ ಒಳಗಾಗಬಾರದು' ಎಂದು ಬರೆಸಿದ್ದಾರೆ. ಮೊದಲನೆಯದನ್ನು ಮೀರಿದವರು ಕೆಲವರುಂಟು. ಎರಡನೆಯದನ್ನು ಮೀರಿದವರು ಒಬ್ಬರೂ ಇರಲಿಲ್ಲ.

ಕಾರಣ ಸರಳವಾಗಿದೆ. ತನಗೆ ನಿದ್ದೆ ಸಾಲದು, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ ಎಂದು ಯಾವ ವಿದ್ಯಾರ್ಥಿ ಬಾಯಿ ಬಿಡುತ್ತಾನೋ ಅವನು ಆ ಕ್ಷಣದಿಂದ ಹಾರಲು ಅನರ್ಹ. ಅನರ್ಹನಾದವನು ಹಾರುವಂತಿಲ್ಲ, ಶುಲ್ಕ ಕಟ್ಟಲು ಮಾತ್ರ ಅಡ್ಡಿಯಿಲ್ಲ. ಹೀಗಾಗಿ ಎಲ್ಲರೂ ಆರೋಗ್ಯವಾಗಿದ್ದಾರೆ. ಡಾಕ್ಟರು ಆಗಾಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಚೆನ್ನಾಗಿದ್ದೀರಾ?" ಎಂದು ಕೇಳುತ್ತಾರೆ. "ಚೆನ್ನಾಗಿದ್ದೀವಿ" ಎಂಬ ಒಕ್ಕೊರಲ ಉತ್ತರಕ್ಕೆ ವಿಮಾನದ ಶೆಡ್ಡಿನ ತಗಡು ಅದುರುತ್ತದೆ. ಅಲ್ಲಿಗೆ ವೈದ್ಯಕೀಯ ತಪಾಸಣೆ ಸಂಪನ್ನವಾಯಿತು.

ಇಂಥ ಘನ ಸಂಸ್ಥೆಗೂ ನನಗೂ ನಂಟು ಬಂದದ್ದು ಅಕ್ಕನ ಮಗಳಿಂದ. ಹುಟ್ಟಿದಾಗ ಮುಷ್ಟಿಯಷ್ಟಿದ್ದಳೆಂದು ನಾನೇ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟೆ. ಅವಳು ಅದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡು ನಿಜವಾಗಿಯೂ ಹಾರಲು ಹೊರಡುತ್ತಾಳೆಂದು ನನಗೇನು ಗೊತ್ತು. ಗೊತ್ತಿದ್ದರೆ ಆಮೆ ಎಂದು ಕರೆಯುತ್ತಿದ್ದೆ.

ನನ್ನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ನನಗೆ ಆತ್ಮಪ್ರಶಂಸೆ ಆಗದು. ನನ್ನಷ್ಟು ನೆಮ್ಮದಿಯ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಹಲ್ಲು ಕೀಳಿಸಲು ಹೋದವನು ಕುರ್ಚಿಯಲ್ಲೇ ಗೊರಕೆ ಹೊಡೆದೆ. ಎಬ್ಬಿಸಲಾರದೆ ಹಲ್ಲಿನ ಡಾಕ್ಟರು ಮುಂದಿನ ರೋಗಿಯನ್ನು ನಿಲ್ಲಿಸಿಕೊಂಡೇ ಹಲ್ಲು ಕಿತ್ತರು. ನಮ್ಮ ಓಣಿಯ ಕಟ್ಟಡವೊಂದು ಕುಸಿದ ದಿನ, ನಾನು ಅದರೊಳಗೇ ಇದ್ದೆ ಎಂಬುದು ಮರುದಿನ ಪತ್ರಿಕೆ ಓದಿದಾಗ ತಿಳಿಯಿತು.

ಗುಬ್ಬಿ ಹಾಗಲ್ಲ. ಒಂದು ಕಾಲದಲ್ಲಿ ನಕ್ಕರೆ ಮೂರು ಮನೆಗೆ ಕೇಳುತ್ತಿದ್ದ ಹುಡುಗಿ, ಈಗ ಊಟಕ್ಕೆ ಕೂತರೂ ವಿಮಾನದಲ್ಲೇ ಇರುತ್ತಿದ್ದಳು. ಎಡಗೈಯಲ್ಲಿ ಚಮಚ ಹಿಡಿದು, ತಟ್ಟೆಯೇ ರನ್‌ವೇ ಎಂಬಂತೆ ನಿಧಾನಕ್ಕೆ ಇಳಿಸುತ್ತಾ ಬರುವಳು. ಅಂಚು ಮುಟ್ಟುವಷ್ಟರಲ್ಲಿ ರೆಪ್ಪೆ ಬಿದ್ದುಹೋಗಿ ಚಮಚ ಠಣ್ ಎನ್ನುತ್ತಿತ್ತು.

"ಇವತ್ತೂ ಬಿತ್ತು" ಎನ್ನುವಳು.

"ಚಮಚ ತಾನೇ, ಬೀಳಲಿ ಬಿಡು" ಎಂದು ಅಕ್ಕ ತೊಳೆದ ಚಮಚ ಕೊಡುತ್ತಿದ್ದಳು.

ನನ್ನ ಹತ್ತಿರ ಮಾತ್ರ ಗುಬ್ಬಿ ಇದ್ದದ್ದನ್ನು ಹೇಳಿದಳು. "ಮಾವ, ಇಳಿಸೋ ಹೊತ್ತಿಗೆ ಸರಿಯಾಗಿ ಕಣ್ಣು ಎಳ್ಕೊಂಡು ಹೋಗುತ್ತೆ. ಒಂದೇ ಕ್ಷಣ. ಆದ್ರೆ ಆ ಕ್ಷಣದಲ್ಲಿ ನಾನು ಅಲ್ಲಿ ಇರಲ್ಲ."

"ಡಾಕ್ಟರಿಗೆ ಹೇಳು."

"ಹೇಳಿದ್ರೆ ಕೂರಿಸ್ತಾರೆ."

"ಹೇಳದಿದ್ರೆ?"

"ಹಾರಿಸ್ತಾರೆ."

ಎರಡರಲ್ಲಿ ಯಾವುದು ವಾಸಿ ಎಂದು ಯೋಚಿಸುವಷ್ಟರಲ್ಲಿ ನನಗೆ ನಿದ್ದೆ ಬಂದಿತು.

ಹೀಗಿರಲಾಗಿ, ಅವಳ ಜೊತೆಯ ಹುಡುಗನೊಬ್ಬ ರನ್‌ವೇ ತುದಿಯಲ್ಲಿ, ಇಂಜಿನ್ ಓಡುತ್ತಿರುವಾಗಲೇ, ಸ್ಟಿಯರಿಂಗ್ ಅಪ್ಪಿಕೊಂಡು ಮಲಗಿಬಿಟ್ಟ. ಹುಲ್ಲು ಕತ್ತರಿಸುವವನು ಗಾಜು ಬಡಿದು ಎಬ್ಬಿಸಬೇಕಾಯಿತು. ಹುಡುಗ ಕಣ್ಣು ಬಿಟ್ಟವನೇ "ಚೆನ್ನಾಗಿದ್ದೀನಿ" ಎಂದನಂತೆ. ಆದರೂ ಸುದ್ದಿ ಮೇಲಿನ ಕಚೇರಿಗೆ ಮುಟ್ಟಿ, ವಿದ್ಯಾರ್ಥಿಗಳ ಕ್ಷೇಮಕ್ಕಾಗಿ ಏನಾದರೂ ಮಾಡತಕ್ಕದ್ದೆಂದು ಅಪ್ಪಣೆಯಾಯಿತು.

ಪ್ರಾಂಶುಪಾಲರು ಕೂಡಲೇ ಒಬ್ಬ ಕ್ಷೇಮಾಧಿಕಾರಿಯನ್ನು ನೇಮಿಸಿದರು. ಅವನು ಅವರ ಹೆಂಡತಿಯ ತಮ್ಮ ಎಂಬುದು ಕಾಕತಾಳೀಯ. ಹಿಂದೆ ಹಾಸಿಗೆ ಅಂಗಡಿ ಇಟ್ಟು ಮುಳುಗಿಸಿದ್ದರಿಂದ ವಿಶ್ರಾಂತಿಯ ವಿಷಯದಲ್ಲಿ ಅವನಿಗೆ ಆಳವಾದ ಅನುಭವವಿತ್ತು. ಮಾರಾಟವಾಗದೆ ಉಳಿದ ಹಾಸಿಗೆಗಳನ್ನೆಲ್ಲ ಶಾಲೆಯೇ ಕೊಂಡು ಒಂದು ವಿಶ್ರಾಂತಿ ಕೊಠಡಿ ಮಾಡಿತು. ಮಲಗಿದರೆ ಹಾಸಿಗೆ ಹಾಳಾಗುವುದರಿಂದ ಪ್ಲಾಸ್ಟಿಕ್ ತೆಗೆಯಲಿಲ್ಲ. ಕೊಠಡಿಗೆ ಬೀಗ ಹಾಕಿ, ಕಿಟಕಿಯಿಂದ ನೋಡಿ ವಿಶ್ರಾಂತಿ ಪಡೆಯಲು ಅವಕಾಶ ಕಲ್ಪಿಸಲಾಯಿತು.

ಹಾರಾಟ ಶುರುವಾಗುತ್ತಿದ್ದುದು ಬೆಳಕು ಹರಿಯುವಾಗ. ಅದಕ್ಕೆ ಮುಂಚೆ ದೀರ್ಘ ಉಸಿರಾಟದ ತರಗತಿ ಬಂದಿತು, ಹಾಗಾಗಿ ಮಕ್ಕಳು ನೆಮ್ಮದಿ ಹೊಂದಲು ಇನ್ನೂ ಬೇಗ ಏಳತೊಡಗಿದರು. ಸಂಜೆಯ ಪಾಠವಾದ ಮೇಲೆ ನಗುವಿನ ತರಗತಿ. ಸಾಕಷ್ಟು ನಗದವರು ಉಳಿದುಕೊಂಡು ಇನ್ನೊಮ್ಮೆ ನಗಬೇಕು. 'ವಿಶ್ರಾಂತಿ' ಎಂಬುದನ್ನೇ ಒಂದು ವಿಷಯವಾಗಿ ಸೇರಿಸಿ ಪರೀಕ್ಷೆ ಇಟ್ಟರು. ಅದನ್ನು ಓದಲು ಗುಬ್ಬಿ ನಿದ್ದೆಗೆಟ್ಟಳು.

ಇಷ್ಟಾದರೂ ಮಕ್ಕಳ ಕಣ್ಣ ಕೆಳಗಿನ ಕಪ್ಪು ಹೋಗದಿದ್ದಾಗ ಪೋಷಕರ ಸಭೆ ಕರೆದರು. ಅಕ್ಕನಿಗೆ ಬಿಡುವಿರಲಿಲ್ಲ, ನಾನು ಹೋದೆ. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದರು. ಯಾರು ಕೆಮ್ಮಿದರೂ ಅವರ ಮಗನನ್ನು ಅನರ್ಹ ಮಾಡಿಯಾರು ಎಂಬ ಹೆದರಿಕೆ.

"ಒತ್ತಡ ಇಲ್ಲ ಅನ್ನೋದು ಸ್ಪಷ್ಟವಾಗಿದೆ" ಎಂದರು ಪ್ರಾಂಶುಪಾಲರು. "ಆದ್ರೆ ಅದನ್ನ ಎಲ್ಲಿ ಇಡೋದು ಅನ್ನೋದೇ ಪ್ರಶ್ನೆ. ಯಾರಾದ್ರೂ ಸಲಹೆ ಕೊಡಿ."

ನನ್ನ ನಾಲಿಗೆ ಸುಮ್ಮನಿರದು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿ ಸ್ವಾಮಿ" ಎಂದೆ.

ಯಾರೂ ನಗಲಿಲ್ಲ. ಕ್ಷೇಮಾಧಿಕಾರಿ ಪೆನ್ನು ತೆಗೆದ.

"ಎಮ್ಮೆ ಯಾರಾಗಬಹುದು?" ಎಂದು ಗಂಭೀರವಾಗಿ ಕೇಳಿದ.

"ಮನೆಯವರು ಇದ್ದಾರಲ್ಲ."

"ಹೌದಲ್ಲ" ಎಂದರು ಪ್ರಾಂಶುಪಾಲರು.

ವಾರ ಕಳೆಯುವ ಮುನ್ನ ಗೋಡೆಯ ಮೇಲೆ ಹೊಸ ಪ್ರಕಟಣೆ ಬಿದ್ದಿತು: 'ವಿದ್ಯಾರ್ಥಿಗಳ ಮೇಲೆ ಒತ್ತಡ ಇರತಕ್ಕದ್ದಲ್ಲವಾದ್ದರಿಂದ, ಇರಬಹುದಾದ ಒತ್ತಡವನ್ನು ಪ್ರತಿ ಹಾರಾಟಕ್ಕೂ ಮುನ್ನ ರಕ್ತಸಂಬಂಧಿಯೊಬ್ಬರಿಗೆ ಹಸ್ತಾಂತರಿಸತಕ್ಕದ್ದು. ಸದರಿ ಸಂಬಂಧಿಯನ್ನು ಒತ್ತಡ ವಾಹಕ ಎಂದು ಕರೆಯತಕ್ಕದ್ದು. ವಾಹಕರ ರಕ್ತದೊತ್ತಡ ಸರಿಯಿದ್ದಲ್ಲಿ ವಿದ್ಯಾರ್ಥಿಯು ಅರ್ಹನೆಂದು ಭಾವಿಸತಕ್ಕದ್ದು. ಅರ್ಹರು ಹಾರತಕ್ಕದ್ದು. ಹಾರಾಟ ಮುಗಿಯುವವರೆಗೆ ವಾಹಕರು ನಿಗದಿತ ಕುರ್ಚಿಯಲ್ಲಿ ಕುಳಿತಿರತಕ್ಕದ್ದು. ಕುರ್ಚಿ ಬಾಡಿಗೆ ಪ್ರತ್ಯೇಕ.'

ಶೆಡ್ಡಿನ ಪಕ್ಕದಲ್ಲಿ ಸಾಲಾಗಿ ಕುರ್ಚಿ ಹಾಕಿದರು. ಅಪ್ಪಂದಿರು ಅಂಗಿಯ ತೋಳು ಮಡಚಿ ಕೂತರು. ಮಗ ಮೇಲೆ ಹೋಗುತ್ತಾನೆ ಎಂಬ ಯೋಚನೆ ಒಂದು ಕಡೆ, ಕುರ್ಚಿ ಬಾಡಿಗೆಯ ಯೋಚನೆ ಇನ್ನೊಂದು ಕಡೆ, ಹೀಗೆ ಎರಡೂ ಬದಿಯಿಂದ ಅವರ ಬಿಪಿ ಏರಿತು. ಒಬ್ಬ ಹುಡುಗಿಯ ಅಜ್ಜಿಯಂತೂ ಡಾಕ್ಟರು ತೋಳಿಗೆ ಬಿಪಿ ಪಟ್ಟಿ ಸುತ್ತುವ ಮೊದಲೇ ಅತ್ತುಬಿಟ್ಟಳು. ಮಕ್ಕಳೆಲ್ಲ ಅನರ್ಹರಾಗಿ ವಿಮಾನಗಳು ನಿಂತವು.

ನನ್ನ ಸರದಿ ಬಂತು. ಡಾಕ್ಟರು ಪಟ್ಟಿ ಸುತ್ತುವಾಗ ಎಚ್ಚರವಿತ್ತು, ಗಾಳಿ ತುಂಬುವಾಗ ಇರಲಿಲ್ಲ. ಅವರು ಯಂತ್ರವನ್ನು ತಟ್ಟಿ ನೋಡಿದರಂತೆ, ಬೇರೆ ಯಂತ್ರ ತರಿಸಿದರಂತೆ. "ಇಂಥ ಬಿಪಿ ನಾನು ಪುಸ್ತಕದಲ್ಲಿ ಓದಿದ್ದೆ, ಮನುಷ್ಯನಲ್ಲಿ ನೋಡಿರಲಿಲ್ಲ" ಎಂದು ಕಣ್ಣೊರೆಸಿಕೊಂಡರಂತೆ.

ಪ್ರಾಂಶುಪಾಲರು ನನ್ನ ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಇವರನ್ನ ಎಲ್ಲಾ ವಿದ್ಯಾರ್ಥಿಗಳಿಗೂ ವಾಹಕ ಮಾಡಬಹುದಾ? ರಕ್ತಸಂಬಂಧ ಬೇಕಲ್ಲ."

"ಮಾವ ಅಂದ್ಮೇಲೆ ಮುಗೀತು ಭಾವ" ಎಂದ ಕ್ಷೇಮಾಧಿಕಾರಿ. "ಒಬ್ಬರಿಗೆ ಮಾವ ಆದವನು ಯಾರಿಗಾದ್ರೂ ಮಾವನೇ."

ಹೀಗೆ ನಾನು 'ಸಾರ್ವಜನಿಕ ಮಾವ' ಆದೆ. ಎದೆಗೆ ಹಿತ್ತಾಳೆಯ ಬಿಲ್ಲೆ ಕೊಟ್ಟರು. ಪೋಷಕರಿಂದ ಕುರ್ಚಿ ಬಾಡಿಗೆಯ ಬದಲು 'ಮಾವ ಸೇವಾ ಶುಲ್ಕ' ಎತ್ತಿದರು. ಅದು ಬಾಡಿಗೆಗಿಂತ ಹೆಚ್ಚಾಗಿದ್ದರೂ, ಇನ್ನು ತಾವು ಬಂದು ಕೂರಬೇಕಿಲ್ಲವಲ್ಲ ಎಂದು ಅವರು ಸಂತೋಷದಿಂದಲೇ ಕಟ್ಟಿದರು. ನನ್ನ ಒಂದು ನಿದ್ದೆಯ ಮೇಲೆ ಇಡೀ ಶಾಲೆ ಹಾರಿತು. ಕ್ಷೇಮಪಾಲನೆಗಾಗಿ ಮೇಲಿನ ಕಚೇರಿಯಿಂದ ಬಂದ ಪಾರಿತೋಷಕ ಪ್ರಾಂಶುಪಾಲರ ಮೇಜಿನ ಮೇಲಿದೆ.

ಗುಬ್ಬಿಗೆ ಇದರಿಂದ ಅನುಕೂಲವಾಗಬೇಕಿತ್ತು. ಆಗಲಿಲ್ಲ. ಒಮ್ಮೆ ಹಾರಾಟದ ನಡುವೆ ಆಕಳಿಸಿದ್ದಕ್ಕೆ ಬೋಧಕರು ಗದರಿದರಂತೆ: "ನಿನ್ನ ಮಾವ ಅಲ್ಲಿ ಅಷ್ಟು ಸೊಗಸಾಗಿ ಮಲಗಿದ್ದಾರೆ. ನಿನಗೇನಮ್ಮ ಸುಸ್ತು, ಕೃತಜ್ಞತೆ ಬೇಡವಾ?"

ಕೊನೆಯ ಪರೀಕ್ಷೆಯ ದಿನ ಬಂತು. ಅವತ್ತು ಪಾಸಾದರೆ ಲೈಸೆನ್ಸು. ಪರೀಕ್ಷಕರು ಬೇರೆ ಊರುಗಳ ಶಾಲೆಗಳನ್ನೆಲ್ಲ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿದ್ದರು. ನಡೆಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು. ಆದರೆ ಅವರ ಒತ್ತಡ ವಾಹಕಿಯಾದ ಅತ್ತೆ ಊರಿನಲ್ಲಿ ಆರೋಗ್ಯವಾಗಿದ್ದುದರಿಂದ ಅವರಿಗೂ ಸುಸ್ತಿರಲಿಲ್ಲ.

ಡಾಕ್ಟರ ಕೋಣೆಯಲ್ಲಿ ನನ್ನ ಬಿಪಿ ನೋಡುತ್ತಿದ್ದರು. ಗುಬ್ಬಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಒಳಗೆ ಬಂದು, ಎಲ್ಲರ ಎದುರಿಗೆ, ಆ ಶಾಲೆಯ ಚರಿತ್ರೆಯಲ್ಲಿ ಯಾರೂ ಆಡದ ಮಾತನ್ನು ಆಡಿದಳು.

"ನಾನು ಚೆನ್ನಾಗಿಲ್ಲ ಸರ್. ನಿದ್ದೆ ಆಗಿಲ್ಲ. ಇವತ್ತು ಏರಿಸಿದ್ರೆ ಇಳಿಸ್ತೀನಿ ಅನ್ನೋ ಧೈರ್ಯ ನನಗಿಲ್ಲ. ಹಾರಲ್ಲ."

ಟೀ ತರುತ್ತಿದ್ದವನು ಬಾಗಿಲಲ್ಲೇ ನಿಂತ. ಕ್ಷೇಮಾಧಿಕಾರಿ ಡಾಕ್ಟರ ಕಡೆ ತಿರುಗಿದ. "ಮಾವನ ಬಿಪಿ?"

"ಅದ್ಭುತ."

"ಮತ್ತೆ ನಿನಗೇನಮ್ಮ ತೊಂದರೆ?"

"ಬಿಪಿ ಅವರದು. ಕಣ್ಣು ನಂದು."

"ಕಣ್ಣಿನ ವಿಷಯ ಪ್ರಕಟಣೆಯಲ್ಲಿ ಇಲ್ಲ."

"ಹಾಗಿದ್ರೆ ಮಾವನನ್ನೇ ಹಾರಿಸಿ" ಎಂದಳು ಗುಬ್ಬಿ.

ನಮ್ಮ ವಂಶದವರು ಆ ಜನರ ಮುಂದೆ ತಮಾಷೆ ಮಾಡಬಾರದೆಂದು ಅವಳಿಗೆ ಹೊಳೆಯಬೇಕಿತ್ತು. ಪ್ರಾಂಶುಪಾಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಅರ್ಹರು ಹಾರತಕ್ಕದ್ದು ಅಂತ ಇದೆ. ವಿದ್ಯಾರ್ಥಿಯೇ ಹಾರತಕ್ಕದ್ದು ಅಂತ ಎಲ್ಲೂ ಇಲ್ಲ. ಪರೀಕ್ಷಕರು ಬಂದು ಕಾಯ್ತಾ ಇದ್ದಾರೆ. ಮಾವನವರೇ, ಏಳಿ."

ನನ್ನನ್ನು ವಿಮಾನಕ್ಕೆ ಹತ್ತಿಸಿದರು. ಹೊಟ್ಟೆಯೂ ಸ್ಟಿಯರಿಂಗೂ ಒಂದಕ್ಕೊಂದು ಒಗ್ಗಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಪಕ್ಕದಲ್ಲಿ ಪರೀಕ್ಷಕರು ಬೆಲ್ಟು ಬಿಗಿದು "ಹೊರಡಿ" ಎಂದರು. ಆ ಮಾತಿನ ಕೊನೆಯ ಅಕ್ಷರ ಗೊರಕೆಯಾಗಿತ್ತು. ನಾನು ಎದುರಿಗೆ ನೋಡಿದೆ. ಗುಂಡಿ, ಮುಳ್ಳು, ದೀಪ, ಯಾವುದೋ ಕೆಂಪು ಹಿಡಿ. ಕಂಡವರ ಸಾಮಾನು ಮುಟ್ಟುವ ಅಭ್ಯಾಸ ನನಗಿಲ್ಲ. ನಾನೂ ಕೈ ಕಟ್ಟಿ ಮಲಗಿದೆ.

ಕ್ಷೇಮಾಧಿಕಾರಿ ಬಂದು ಗಾಜು ಬಡಿದಾಗ ಬಿಸಿಲು ಇಳಿದಿತ್ತು. ಪರೀಕ್ಷಕರು ಬೆಚ್ಚಿ ಕಣ್ಣು ಬಿಟ್ಟರು.

"ಇಳಿದ್ವಾ?"

"ಇಳಿದೇ ಇದ್ದೀವಿ ಸ್ವಾಮಿ" ಎಂದೆ.

"ಗೊತ್ತೇ ಆಗಲಿಲ್ಲ" ಎಂದರು, ಕೆಳಗಿನ ನೆಲವನ್ನು ಮೆಚ್ಚಿಗೆಯಿಂದ ನೋಡುತ್ತ. "ಇಷ್ಟು ಮೃದುವಾದ ಲ್ಯಾಂಡಿಂಗ್ ನನ್ನ ಸರ್ವಿಸಲ್ಲೇ ನೋಡಿಲ್ಲ."

ಅಲ್ಲಿಗೆ ನನಗೆ ಲೈಸೆನ್ಸು ಆಯಿತು.

ಇತ್ತ ನನ್ನ ಕುರ್ಚಿ ಖಾಲಿ ಬಿಡುವಂತಿರಲಿಲ್ಲವಾದ್ದರಿಂದ ಗುಬ್ಬಿಯನ್ನೇ ನನ್ನ ಒತ್ತಡ ವಾಹಕಿಯಾಗಿ ಕೂರಿಸಿದ್ದರು. ಕೂತವಳು ಬಾಯಿ ತೆರೆದುಕೊಂಡು, ಕತ್ತು ಒಂದು ಕಡೆ ಹಾಕಿ, ಸಂಜೆಯವರೆಗೆ ಮಲಗಿದ್ದಳು. ಡಾಕ್ಟರು ಸದ್ದಿಲ್ಲದೆ ಪಟ್ಟಿ ಸುತ್ತಿ ನೋಡಿದರೆ, ನನ್ನ ಬಿಪಿಯನ್ನು ಬಿಟ್ಟರೆ ಅವಳದೇ.

ಮರುದಿನ ಬೆಳಿಗ್ಗೆ ಗುಬ್ಬಿ ಮುಖ ತೊಳೆದ ಹೂವಿನಂತೆ ಪ್ರಾಂಶುಪಾಲರ ಮುಂದೆ ನಿಂತಳು. ನಾನೂ ಜೊತೆಗಿದ್ದೆ.

"ಸರ್, ನಿದ್ದೆ ಆಯ್ತು. ಈಗ ಚೆನ್ನಾಗಿದ್ದೀನಿ. ಇವತ್ತು ಪರೀಕ್ಷೆ ಕೊಡ್ತೀನಿ, ನೋಡಿ ಬೇಕಾದ್ರೆ."

ಪ್ರಾಂಶುಪಾಲರು ಮರುಕದಿಂದ ನೋಡಿದರು. "ಚೆನ್ನಾಗಿದ್ದೀನಿ ಅಂತ ಇಲ್ಲಿ ಎಲ್ಲರೂ ಹೇಳ್ತಾರಮ್ಮ. ಅದಕ್ಕೆ ನಾವು ಬೆಲೆ ಕೊಡಲ್ಲ. ಚೆನ್ನಾಗಿಲ್ಲ ಅಂತ ಹೇಳಿದವಳು ನೀನೊಬ್ಬಳೇ. ಹಾಗಾಗಿ ನಿನ್ನ ಆ ಮಾತನ್ನ ನಾವು ನಂಬಲೇಬೇಕು."

"ಅದು ನಿನ್ನೆಯ ಮಾತು ಸರ್."

"ನಿಜ ಹೇಳಿದವರ ವಿಷಯದಲ್ಲಿ ಸಂಸ್ಥೆಗೆ ಮರೆವು ಇರಬಾರದು" ಎಂದು ಅವರು ಪಾರಿತೋಷಕದ ಧೂಳು ಒರೆಸಿದರು.

ಆಮೇಲೆ ಎಲ್ಲವೂ ತಾನಾಗಿಯೇ ಸರಿಹೋಯಿತು. ನನ್ನ ಹಾರಾಟದ ಮಾದರಿಯನ್ನೇ ಶಾಲೆ ಒಪ್ಪಿಕೊಂಡಿತು. ವಿದ್ಯಾರ್ಥಿಗಳು ವಿಮಾನದೊಳಗೆ ಕೂತು, ಇಂಜಿನ್ ಮುಟ್ಟದೆ, ಹೊತ್ತು ಮುಗಿದ ಮೇಲೆ ಇಳಿಯುತ್ತಾರೆ. ಇಂಧನ ಉಳಿಯಿತು; ಉಳಿದದ್ದಕ್ಕೆ 'ಸುರಕ್ಷತಾ ಶುಲ್ಕ' ಸೇರಿತು. ಅಪಘಾತ ಇಲ್ಲ, ಶಬ್ದ ಇಲ್ಲ, ನಿದ್ದೆಗೆಟ್ಟವರಿಲ್ಲ. ಬೇರೆ ಶಾಲೆಗಳವರು ಬಂದು ನೋಡಿಕೊಂಡು ಹೋಗುತ್ತಾರೆ. ನಾನು ಹಿರಿಯ ಪೈಲಟ್. ಗುಬ್ಬಿ ಖಾಯಂ ವಾಹಕಿ, ನನ್ನ ಹಳೆಯ ಕುರ್ಚಿ ಅವಳದೇ.

ಅಕ್ಕ ನನ್ನ ಬಿಳಿ ಅಂಗಿಯ ಹೊಲಿಗೆ ಬಿಚ್ಚಿ ಹೊಟ್ಟೆಯ ಹತ್ತಿರ ಬಟ್ಟೆ ಕೊಟ್ಟು ಹೊಲಿದಿದ್ದಾಳೆ. ಅದು ಗುಬ್ಬಿಯ ಅಂಗಿಗಳ ಬಟ್ಟೆಯೇ, ಇನ್ನು ಅವಳಿಗೆ ಬೇಕಿಲ್ಲವಲ್ಲ.

ಮೊನ್ನೆ ಊಟಕ್ಕೆ ಕೂತಾಗ ಅಕ್ಕ ಕೇಳಿದಳು. "ಮೇಲಿಂದ ನಮ್ಮನೆ ಕಾಣುತ್ತೇನೋ? ಗುರುತಿಗೆ ಅಂತ ಮಾಳಿಗೆ ಮೇಲೆ ಕೆಂಪು ದುಪ್ಪಟಿ ಒಣಹಾಕಿದ್ದೆ."

"ಕಾಣ್ತು ಕಣಕ್ಕ" ಎಂದೆ. "ಒಂದು ಮೂಲೆ ಮಡಚ್ಕೊಂಡಿತ್ತು."

"ಹೌದು ಕಣೋ, ಗಾಳಿಗೆ" ಎಂದು ಅಕ್ಕ ಬೆರಗಾದಳು.

ಗುಬ್ಬಿ ಎಡಗೈಯಲ್ಲಿ ಚಮಚ ಎತ್ತಿಕೊಂಡಳು. ಮೇಜಿನ ಆ ತುದಿಯಿಂದ ನಿಧಾನವಾಗಿ ತಂದಳು, ನೀರಿನ ಲೋಟವನ್ನು ಸುತ್ತು ಹಾಕಿಸಿದಳು, ತಟ್ಟೆಯ ನೇರಕ್ಕೆ ತಿರುಗಿಸಿದಳು, ಚಮಚದ ಮೂತಿ ಕೊಂಚ ಎತ್ತಿ ಹಿಡಿದಳು. ಅವಳ ಕಣ್ಣು ಪೂರ್ತಿ ತೆರೆದಿತ್ತು, ರೆಪ್ಪೆ ಅಲುಗಲಿಲ್ಲ. ಚಮಚ ತಟ್ಟೆಯನ್ನು ಮುಟ್ಟಿತು. ಸದ್ದೇ ಆಗಲಿಲ್ಲ.

"ಊಟದ ಹೊತ್ತಲ್ಲಿ ಆಟ ಬೇಡ ಕಣೇ" ಎಂದಳು ಅಕ್ಕ. "ಮಾವನಿಗೆ ಬಡಿಸು. ಪಾಪ, ದಿನವೆಲ್ಲಾ ಹಾರಿ ಬಂದಿದ್ದಾನೆ."