ತುಕ್ಕಿಗೊಂದು ಅನುದಾನ

ಹೆಂಡತಿಗೆ ಅನುದಾನ ಕೊಡಿಸಿಯೇ ತೀರುತ್ತೇನೆಂದು ಪುರಾವೆ ಮೇಷ್ಟ್ರು ಅಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಪಣ ತೊಟ್ಟರು. ಭೌತಶಾಸ್ತ್ರ ಕಲಿಸುವ ಅವರಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಪಕ್ಕದ ಮನೆಯವರು ‘ಸೆಕೆ’ ಎಂದರೂ ಉಷ್ಣಮಾಪಕ ನೋಡಿದ ಮೇಲೆಯೇ ಅವರು ತಲೆಯಾಡಿಸುತ್ತಿದ್ದರು.

ಹೆಂಡತಿ ಕಲಾವಿದೆ. ತುಕ್ಕು ಹಿಡಿದ ಚಕ್ರ, ಸರಪಳಿ, ಬಾಗಿಲ ಕೀಲುಗಳನ್ನು ಹುಳಿನೀರಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿಟ್ಟು, ಆ ತುಕ್ಕೇ ಚಿತ್ರವಾಗಿ ಬಟ್ಟೆಗಿಳಿಯುವಂತೆ ಮಾಡುವುದು ಆಕೆಯ ಕಲೆ. ಊಟದ ಮೇಜಿನ ಅರ್ಧವೇ ಕಾರ್ಯಾಗಾರ. ಹೊರಗೊಂದು ಕೋಣೆ ಹಿಡಿದು ದೊಡ್ಡ ಪ್ರದರ್ಶನಕ್ಕೆ ಸಿದ್ಧಳಾಗಲು ಅನುದಾನ ಕೇಳಿದ್ದಳು. ಕಲಾನಿಧಿ ಸಮಿತಿಯ ಅಧಿಕಾರಿ ಫೋನಿನಲ್ಲೇ ರಾಗ ಎಳೆದಿದ್ದರು: “ಮನೆಯಲ್ಲೇ ಕೆಲಸ ನಡೀತಿದೆಯಲ್ಲಮ್ಮ, ಬೇರೆ ಕೋಣೆ ಯಾಕೆ? ಬಂದು ನೋಡ್ತೀವಿ.” ಅವರು ಬರುವುದು ಅಂದೇ.

“ಚೌಕಟ್ಟು ತರೋಕೆ ಹೋಗ್ತಿದೀನಿ. ಮೇಜು ಮುಟ್ಟಬೇಡಿ,” ಎಂದಳು ಹೆಂಡತಿ.

“ನಾನ್ಯಾಕೆ ಮುಟ್ಲಿ?”

“ಹೋದ ಸಲ ನನ್ನ ಕುಂಚಗಳನ್ನ ಕುದಿಸಿದ್ದು ಯಾರು?”

“ಅದು ಕ್ರಿಮಿನಾಶಕ್ಕೆ ಕಣೇ.”

ಬಾಗಿಲು ಮುಚ್ಚಿದ್ದೇ ತಡ, ಮೇಷ್ಟ್ರ ಹಳೆಯ ಸಿದ್ಧಾಂತ ಹೆಡೆಯೆತ್ತಿತು. ಕಬ್ಬಿಣವೂ ಹುಳಿನೀರೂ ಸೇರಿದರೆ ಬಣ್ಣ ಬಂದೇ ಬರುತ್ತದೆ; ತುಕ್ಕು ಬರೀ ಕೊಳೆ. ಅಚ್ಚೊತ್ತುವ ಕಬ್ಬಿಣ ಶುಭ್ರವಾದಷ್ಟೂ ಚಿತ್ರ ಸ್ಪಷ್ಟ, ಚಿತ್ರ ಸ್ಪಷ್ಟವಾದಷ್ಟೂ ಅನುದಾನ ಖಚಿತ. ಲೋಕದ ಮಾತಿಗೆಲ್ಲ ಪುರಾವೆ ಕೇಳುವ ಆ ಮಹಾಶಯರು ತಮ್ಮ ಮಾತಿಗೆ ಮಾತ್ರ ಕೇಳಲಿಲ್ಲ. ನಿಂಬೆಹಣ್ಣು, ಉಪ್ಪು, ತೆಂಗಿನ ನಾರು ಹಿಡಿದು ದಂಡಯಾತ್ರೆ ಹೊರಟೇಬಿಟ್ಟರು. ಹೆಂಡತಿ ತಿಂಗಳುಗಟ್ಟಲೆ ಮಗುವಿನಂತೆ ಸಾಕಿದ ತುಕ್ಕು ಕಂದು ನೀರಾಗಿ ಹರಿಯಿತು. ಸರಪಳಿ ಬೆಳ್ಳಗಾಯಿತು. ಚಕ್ರದಲ್ಲಿ ತಮ್ಮದೇ ಮುಖ ಕಂಡು ಮೇಷ್ಟ್ರು ಮುಗುಳ್ನಕ್ಕರು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಿಂಬೆರಸ ಮೇಜಿನಂಚಿನಿಂದ ತೊಟ್ಟಿಕ್ಕಿ, ಕೆಳಗಿನ ಬುಟ್ಟಿಯಲ್ಲಿದ್ದ ದೊಡ್ಡ ಬಟ್ಟೆಗೆ ಇಳಿದಿತ್ತು. ಸಮಿತಿಗೆ ತೋರಿಸಲೆಂದೇ ಮುಗಿಸಿಟ್ಟ ಚಿತ್ರ ಅದು. ಕಂದು ಬಣ್ಣದ ನಡುವೆ ಬಿಳಿ ಕಲೆಗಳು ಕಣ್ಣೆದುರೇ ಹಬ್ಬುತ್ತಿದ್ದವು. ಕ್ರಿಯೆ ನಿಲ್ಲಿಸಲು ಮೇಷ್ಟ್ರು ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದರು. ಬಕೆಟ್ಟಿನಲ್ಲಿ ಮೊದಲೇ ಇದ್ದದ್ದು ನೀರಲ್ಲ, ಉಳಿದ ನಿಂಬೆರಸ.

ಚೌಕಟ್ಟಿನೊಂದಿಗೆ ಹೆಂಡತಿ ಒಳಬಂದಳು. ಅವಳ ಹಿಂದೆಯೇ ಅಧಿಕಾರಿ, ಜತೆಗೆ ಸಮಿತಿಯ ಹಿರಿಯ ಶಿಲ್ಪಿಯಾದ, ಬಾಬ್ ಕಟ್ ಕೂದಲಿನ ಒಬ್ಬ ಅಜ್ಜಿ. ಎಲ್ಲರೂ ಕಂಡದ್ದು ನೀರಿಳಿಯುವ ಬೋಳು ಬಟ್ಟೆಯನ್ನು ಹಿಡಿದು ನಿಂತ ಮೇಷ್ಟ್ರನ್ನು.

“ರೀ, ಅದೇನು?”

“ನಿನ್ನ ಚಿತ್ರ. ಈಗ ಸ್ವಲ್ಪ... ಸೌಮ್ಯವಾಗಿದೆ.”

ಅವಳು ಮೇಜಿನತ್ತ ತಿರುಗಿ, ಥಳಥಳಿಸುವ ಕೀಲೊಂದನ್ನು ಎತ್ತಿ ನೋಡಿ, ಮೆಲ್ಲನೆ ಕೆಳಗಿಟ್ಟಳು.

ಅಧಿಕಾರಿ ಕೆಮ್ಮಿದರು. “ನೋಡೋದಕ್ಕೆ ಕೆಲಸವೇ ಇಲ್ಲವಲ್ಲಮ್ಮ. ಬೇರೆ ಕೋಣೆ ಯಾಕೆ ಬೇಕು ಅಂತ ಹೇಗೆ ಬರೆಯಲಿ?”

ಅವಳು ಗಂಡನ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು. “ಇವರಿಂದಾಗಿ ಸರ್.”

ಮೇಷ್ಟ್ರು ಪ್ರಾಮಾಣಿಕರು; ಸಿದ್ಧಾಂತ, ನಿಂಬೆಹಣ್ಣು, ಬಕೆಟ್ಟು, ಹಿಂದಿನ ಕುಂಚಗಳ ಕುದಿತದವರೆಗೆ ಎಲ್ಲವನ್ನೂ ಪಾಠದಂತೆ ವಿವರಿಸಿದರು. ಮುಗಿಯುವಷ್ಟರಲ್ಲಿ ಶಿಲ್ಪಿ ಅಜ್ಜಿ ಕುರ್ಚಿ ಹಿಡಿದುಕೊಂಡು ನಗುತ್ತಿದ್ದರು.

“ನಮ್ಮನೆಯವರೂ ನನ್ನ ಜೇಡಿಮಣ್ಣಿನ ತಲೆಗಳಿಗೆ ಪೌಡರ್ ಹಾಕಿದ್ರು ಕಣಮ್ಮ,” ಎಂದವರು ಅಧಿಕಾರಿಯತ್ತ ತಿರುಗಿದರು. “ಇವಳ ಹಳೆಯ ಕೆಲಸ ನಾನು ನೋಡಿದೀನಿ, ಬಲು ಚೆನ್ನ. ಕೋಣೆ ಯಾಕೆ ಅಂತ ಇನ್ನೂ ಅನುಮಾನವೇನ್ರೀ?”

“ಇಲ್ಲ ಮೇಡಂ. ಇಂಥ ಪುರಾವೆ ಈ ತನಕ ಯಾರೂ ಕೊಟ್ಟಿಲ್ಲ.”

ಅನುದಾನ ಬಂತು. ಪಕ್ಕದ ಬೀದಿಯಲ್ಲಿ ಕೋಣೆಯೂ ಸಿಕ್ಕಿತು. ಕಬ್ಬಿಣ ಅಲ್ಲಿ ಸುಖವಾಗಿ ತುಕ್ಕು ಹಿಡಿಯಿತು. ವರ್ಷ ತುಂಬುವುದರೊಳಗೆ ಪ್ರದರ್ಶನದ ಗೋಡೆಗಳೆಲ್ಲ ಅವಳವಾದವು. ಮೇಷ್ಟ್ರು ಎದೆಯುಬ್ಬಿಸಿಕೊಂಡು, ನೋಡಲು ಬಂದವರಿಗೆಲ್ಲ, “ನನ್ನಿಂದಲೇ ಸಿಕ್ಕಿದ ಅನುದಾನ,” ಎನ್ನುತ್ತ ತಿರುಗಿದರು.

“ಅಂದ ಮೇಲೆ ಕೋಣೆಯ ಇನ್ನೊಂದು ಬೀಗದ ಕೈ ನನಗೆ ಕೊಡಬಹುದಲ್ಲ,” ಎಂದರು ಹೆಂಡತಿಗೆ.

“ಅದು ಸಮಿತಿಯವರ ಹತ್ತಿರಾನೇ ಇದೆ ರೀ. ನಿಮಗೆ ಕೊಟ್ಟರೆ ಅನುದಾನ ವಾಪಸ್ ಅಂತ ಷರತ್ತು.”